ಅವಳ ತೋಟದಲ್ಲಿ ರದ್ದಾದ ಬೋರ್ಡು

ಅವಳು ‘ಗಂಟುಮೋರೆ’ ಎಂದು ಕರೆಯುತ್ತಿದ್ದವನು ಮೂರು ತಿಂಗಳಿಂದ ಅವಳನ್ನು ‘ನೀವು’ ಎನ್ನುತ್ತಿದ್ದ. ಐದು ವರ್ಷ ‘ಲೇ ಬೆಂಕಿಪೊಟ್ಣ’ ಎಂದು ಕರೆದ ಬಾಯಿ ಈಗ ಮರ್ಯಾದೆ ಕೊಟ್ಟೇ ಚುಚ್ಚುತ್ತಿತ್ತು.

“ನಿಮ್ಮ ಸರ್ವರ್ ಸುಳ್ಳು ಹೇಳುತ್ತೆ, ಮೇಡಂ.”

“ನಿಮ್ಮ ಪರದೆ ಸುಳ್ಳು ಹೇಳುತ್ತೆ, ಸಾರ್.”

ಈ ಎಣ್ಣೆ ಸೀಗೆಕಾಯಿಯನ್ನು ಒಂದೇ ಮೇಜಿಗೆ ಕೂರಿಸಿದವನು ಅವಳ ಅಣ್ಣ. ಮೂವರೂ ಸೇರಿ ಒಂದು ಆನ್‌ಲೈನ್ ಆಟಕ್ಕೆ ತಮ್ಮದೇ ಮಾಡ್, ಅಂದರೆ ಆಟವನ್ನು ಮಾರ್ಪಡಿಸುವ ಕೋಡ್, ಕಟ್ಟಿದ್ದರು. ಅದರಲ್ಲಿ ಪ್ರತಿ ಆಟಗಾರನಿಗೂ ಒಂದು ತೋಟ. ಅನುಮತಿ ಇಲ್ಲದೆ ಒಬ್ಬರ ತೋಟದಲ್ಲಿ ಇನ್ನೊಬ್ಬರು ಕಡ್ಡಿ ಅಲ್ಲಾಡಿಸುವ ಹಾಗಿಲ್ಲ. ಎಲ್ಲರ ಆಟವನ್ನೂ ನಡೆಸುವ ಸರ್ವರ್ ಕಡೆಯ ಕೋಡ್ ಅವಳದು, ಆಟಗಾರರ ಪರದೆಯಲ್ಲಿ ಕಾಣುವುದೆಲ್ಲ ಅವನದು. ಈಗ ದೂರಿನ ಮೇಲೆ ದೂರು: ಇಟ್ಟ ವಸ್ತು ಮಾಯವಾಗುತ್ತಿದೆ. ತಂಡದವರೆಲ್ಲ ಓದುವ ಬಗ್‌ಗಳ, ಅಂದರೆ ಕೋಡಿನ ದೋಷಗಳ, ಪಟ್ಟಿಯಲ್ಲಿ ಅವನು ಅವಳ ಬಗ್ಗೆ ಬರೆದಿದ್ದ, ‘ಕುಣಿಯಲಾರದವಳಿಗೆ ನೆಲ ಡೊಂಕು.’ ಅದನ್ನು ಓದಿ ಅವಳ ಮೈಯೆಲ್ಲ ಉರಿದುಹೋಗಿತ್ತು.

“ಇದೊಂದು ಸರಿಯಾದ್ರೆ ನಾನು ಹೊರಟೆ. ಬೇರೆ ತಂಡ ಸೇರ್ತಿದೀನಿ.”

“ಹೋಗಿ. ಬಾಗಿಲು ಆ ಕಡೆ ಇದೆ.”

ಹಾಗೆಂದಳೇ ಹೊರತು ಅವನು ಹೋಗುವುದು ಅವಳಿಗೆ ಬೇಕಿರಲಿಲ್ಲ. ಅವನು ಯಾಕೆ ಬದಲಾದ ಎಂದು ಕೇಳಲು ಹಟ ಬಿಡಲಿಲ್ಲ. ಕೇಳದೆ ಕಳಿಸಿದರೆ ಜೀವಮಾನವೆಲ್ಲ ಕೊರಗಬೇಕೆಂದೂ ಗೊತ್ತಿತ್ತು.

“ನನ್ನ ತೋಟದಲ್ಲಿ ಏನಾದ್ರೂ ಇಡಿ, ಪರೀಕ್ಷೆ ಮಾಡೋಣ.”

ಮೌಸಿನ ಮೇಲೆ ಅವನ ಕೈ ತಡೆಯಿತು. “ನಿಮ್ಮದೇ ಯಾಕೆ? ನಿಮ್ಮಣ್ಣನ ತೋಟ ಇಲ್ವಾ?”

“ಯಾಕೆ, ನನ್ನ ತೋಟದಲ್ಲಿ ಮುಳ್ಳು ಚುಚ್ಚುತ್ತಾ?”

ಅವನು ಹಲ್ಲು ಕಚ್ಚಿಕೊಂಡು ಗುಲಾಬಿ ಸಾಲಿನ ಪಕ್ಕ ಒಂದು ಮರದ ಬೋರ್ಡು ನೆಟ್ಟ. “ಇಟ್ಟೆ.”

“ಎಲ್ಲಿ?”

“ಕಣ್ಣು ಕಾಣಲ್ವಾ? ಗುಲಾಬಿ ಪಕ್ಕ.”

“ಏನೂ ಇಲ್ಲ. ಬಂದು ನೋಡಿ.”

ಅವನು ಬಗ್ಗಿ ನೋಡಿದ. ಅವಳ ಪರದೆಯಲ್ಲಿ ಬರೀ ಗುಲಾಬಿ. ಅವನ ಪರದೆಯಲ್ಲಿ ಮಾತ್ರ ಬೋರ್ಡು ನೆಟ್ಟಗೆ ನಿಂತಿತ್ತು.

“ನನ್ನ ಕೋಡ್ ರದ್ದು ಮಾಡಿದೆ,” ಎಂದಳು ಮೆಲ್ಲಗೆ. “ಆದ್ರೆ ರದ್ದಾಯ್ತು ಅಂತ ಇಟ್ಟವರ ಪರದೆಗೆ ವಾಪಸ್ ಹೇಳಿಲ್ಲ. ಅವರು ಇದೆ ಅಂದ್ಕೊಂಡಿರ್ತಾರೆ. ಆಟ ಮುಚ್ಚಿ ಮತ್ತೆ ಬಂದ್ರೆ ಇರಲ್ಲ. ಯಾರೋ ಕಿತ್ತುಹಾಕಿದ್ರು ಅಂದ್ಕೋತಾರೆ.”

ಅವಳು ಪಕ್ಕಕ್ಕೆ ತಿರುಗಿದರೆ ಅವನ ಮುಖ ಬಿಳಿಚಿಕೊಂಡಿತ್ತು.

“ಹಾಗಾದ್ರೆ ನೀನು ಅದನ್ನ ಓದೇ ಇಲ್ವಾ?”

‘ನೀನು’ ಎಂದಿದ್ದ. ರದ್ದಾದದ್ದನ್ನೆಲ್ಲ ಸರ್ವರ್ ಬರೆದಿಡುತ್ತದೆ. ಆ ದಾಖಲೆ ತೆರೆದಳು. ಮೂರು ತಿಂಗಳ ಹಿಂದೆ ಅವನು ಅವಳ ತೋಟದಲ್ಲಿ ಬೋರ್ಡು ನೆಟ್ಟಿದ್ದ, ಅದು ರದ್ದಾಗಿತ್ತು. ಬೋರ್ಡಿನಲ್ಲಿ ಬರೆದದ್ದು ಮಾತ್ರ ಅವನ ಕಂಪ್ಯೂಟರ್ ದಾಟಿ ಬಂದೇ ಇರಲಿಲ್ಲ.

“ಬೋರ್ಡು ನಿಂತಿತು, ನಂಗೆ ಅನುಮತಿ ಕೊಟ್ಟಿದೀಯ ಅಂದ್ಕೊಂಡೆ. ಆಟ ಮುಚ್ಚದೆ ನಾಲ್ಕು ದಿನ ಕಾದೆ. ಐದನೇ ದಿನ ಕರೆಂಟ್ ಹೋಯ್ತು. ಮತ್ತೆ ಬಂದ್ರೆ ಬೋರ್ಡಿಲ್ಲ. ನೀನೇ ಕಿತ್ತೆಸೆದೆ ಅಂದ್ಕೊಂಡೆ.”

“ಕೇಳೋಕೇನು ಧಾಡಿ ನಿಂಗೆ?”

“ನೀನು ಕೇಳಿದ್ಯಾ?”

ಅವಳು ಕೋಡಿಗೆ ಎರಡು ಸಾಲು ಸೇರಿಸಿದಳು: ರದ್ದಾದ ಕೂಡಲೇ, ಅಲ್ಲಿ ನಿಜಕ್ಕೂ ಏನಿದೆಯೋ ಅದನ್ನು ಇಟ್ಟವನ ಪರದೆಗೆ ಕಳಿಸು. ಅವನು ಮತ್ತೊಂದು ಬೋರ್ಡು ನೆಟ್ಟು ನೋಡಿದ. ಈ ಸಲ ಅದು ಅವನ ಪರದೆಯಲ್ಲೂ ಮಿಂಚಿ ಮರೆಯಾಯಿತು. ಕೆಲಸ ಮುಗಿದಿತ್ತು. ಅವನು ಬ್ಯಾಗಿಗೆ ಕೈ ಹಾಕಿದ.

“ಕೂತ್ಕೋ!” ಎಂದು ಗದರಿದಳು. ತನ್ನ ತೋಟಕ್ಕೆ ಕೈ ಹಾಕಬಹುದಾದವರ ಪಟ್ಟಿಯಲ್ಲಿ ಇಷ್ಟು ದಿನ ಅವಳೊಬ್ಬಳೇ ಇದ್ದಳು. ಅವನನ್ನೂ ಸೇರಿಸಿದಳು. “ಈಗ ಇಡು. ಅವತ್ತು ಬರೆದದ್ದನ್ನೇ ಬರೀ. ಒಂದಕ್ಷರ ಬದಲಾದ್ರೆ ನೋಡು.”

ಅವನ ಬೆರಳು ಎರಡು ಸಲ ತಪ್ಪಿತು. ಗುಲಾಬಿಗಳ ಪಕ್ಕ, ಅವಳ ಪರದೆಯಲ್ಲೇ, ಬೋರ್ಡು ಎದ್ದಿತು: ‘ನನ್ನ ಮದುವೆ ಆಗ್ತೀಯಾ?’

ಅವಳು ಎರಡೆರಡು ಸಲ ಓದಿದಳು. ಕಿವಿ ಬಿಸಿಯಾಗಿ, ಕಣ್ಣು ಮಂಜಾಯಿತು. ಇದಕ್ಕಾಗಿ ಅವಳೂ ವರ್ಷಗಟ್ಟಲೆ ಕಾದಿದ್ದಳು.

“ಆಗ್ತೀನಿ. ಮೊದಲು ಆ ಡೊಂಕು ನೆಲದ ಗಾದೆ ಅಳಿಸು.”

“ನೆಲ ನಿಜಕ್ಕೂ ಡೊಂಕಾಗೇ ಇತ್ತಲ್ಲೇ, ಬೆಂಕಿಪೊಟ್ಣ!”

ಗಲಾಟೆ ಕೇಳಿ ಅಣ್ಣ ಬಾಗಿಲಲ್ಲಿ ಇಣುಕಿದ. “ಇನ್ನೂ ಜಗಳ ಮುಗಿದಿಲ್ವಾ?”

“ಇಲ್ಲ,” ಎಂದರು ಇಬ್ಬರೂ. ಮೇಜಿನ ಕೆಳಗೆ ಅವಳ ಕೈಯನ್ನು ಅವನು ಬಿಟ್ಟಿರಲಿಲ್ಲ.