ಕೆಂಪನ್ನು ಕಂಡ ಹುಡುಗ

ಶಾಲೆ ಬಿಟ್ಟದ್ದು ನಾಲ್ಕೂವರೆಗೆ. ಐದಕ್ಕೆ ಮನೆ ಸೇರಬೇಕಾದ ಶಿವರಾಜ ಆರಕ್ಕೂ ಸೇರಲಿಲ್ಲ. ಅವನ ಪಾಟಿಚೀಲ ಮಾತ್ರ ಹುಮನಾಬಾದ್ ರಸ್ತೆಯ ಬದಿಯ ಬೇವಿನ ಬುಡದಲ್ಲಿ ಸಿಕ್ಕಿತು. ವಯಸ್ಸು ಎಂಟು. ನಾಲ್ಕು ಹೆಣ್ಣುಗಳ ಬೆನ್ನಿಗೆ ಹುಟ್ಟಿದ ಒಬ್ಬನೇ ಗಂಡು.

ಅದು ೧೯೭೬ರ ಫೆಬ್ರುವರಿ. ಮರುದಿನ ಬೆಳಿಗ್ಗೆ ಹುಡುಗನ ತಂದೆ, ಘಾಟಬೋರಾಳದ ರೈತ ಸಂಗಪ್ಪ, ಹುಮನಾಬಾದ್ ಠಾಣೆಯ ಮುಂದೆ ನಿಂತಿದ್ದ. ಅವನ ಹಿಂದೆ ಮೂವತ್ತು ಜನ. ಯಾರೂ ಕುಳಿತುಕೊಳ್ಳಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಮಹಾರುದ್ರಪ್ಪ ಪೊಲೀಸು ಸೇರುವ ಮುನ್ನ ಮೂರು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ್ದವರು. ಮಾತು ಕಡಿಮೆ. ಜೀಪು ಹತ್ತಿ ನೇರ ಘಾಟಬೋರಾಳಕ್ಕೆ ಹೋದರು.

ಸಂಗಪ್ಪನ ಅಂಗಳದಲ್ಲಿ ಮೆಣಸಿನಕಾಯಿ ಹರಡಿತ್ತು. ಹೆಂಡತಿ ಗಯಾಬಾಯಿ ಕಂಬ ಹಿಡಿದು ನಿಂತಿದ್ದಳು. ಸಂಗಪ್ಪನ ತಾಯಿ ಯಶೋದಾಬಾಯಿ ಒಳಗೂ ಹೊರಗೂ ತಿರುಗುತ್ತಿದ್ದಳು. ಗಯಾಬಾಯಿ ಈ ಮುದುಕಿಗೆ ಸೊಸೆ ಮಾತ್ರವಲ್ಲ, ಮಗಳ ಮಗಳು. ಸಂಗಪ್ಪ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಆ ಅಕ್ಕನನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದರು.

ಹೊಲಕ್ಕೆ ಹೊರಗಿನವರು ಯಾರು ಬಂದಿದ್ದರೆಂದು ಮಹಾರುದ್ರಪ್ಪ ಕೇಳಿದರು. ಮೆಣಸಿನಕಾಯಿ ಬಿಡಿಸಲು ಬಸವಕಲ್ಯಾಣದ ಕಡೆಯಿಂದ ಹನ್ನೊಂದು ಹೆಣ್ಣಾಳುಗಳು ಬಂದಿದ್ದರಂತೆ. ಮನೆಯಲ್ಲಿ ಇಷ್ಟು ಕೈಗಳಿರುವಾಗ ಹೊರಗಿನವರೇಕೆ?

"ನಮ್ಮ ಮನ್ಯಾಗ ಹಣ್ಣ್ಯಾವ್ದು, ಕಾಯಿ ಯಾವ್ದು ಯಾರಿಗೂ ತಿಳಿಯಾಂಗಿಲ್ರಿ," ಎಂದ ಸಂಗಪ್ಪ. "ನಂಗಿಲ್ಲ, ಗಯಾಗಿಲ್ಲ, ನಾಕೂ ಹುಡಿಗ್ಯಾರಿಗಿಲ್ಲ. ಎರಡೂ ಒಂದೇ ಥರಾ ಕಾಣ್ತಾವ. ಈ ಮನೀಗಿ ಕಣ್ಣು ಅಂತ ಬಂದಾಂವ ಶಿವರಾಜ ಒಬ್ಬನೇ."

"ಕೆಂಪಂತ ಹಸರ ಪಟಕಾ ಸುತ್ತಿ ಮದವಿಗಿ ಹೋದ ಮನುಷ್ಯಾರಿ ಇಂವ," ಎಂದು ಪಕ್ಕದ ಮನೆಯ ಗುಂಡಪ್ಪ ಸೇರಿಸಿದ.

ಮಹಾರುದ್ರಪ್ಪ ಅದನ್ನೂ ಬರೆದುಕೊಂಡರು. ಆಮೇಲೆ ಆಳುಗಳನ್ನು ಎಣಿಸಿದರು. ಹತ್ತು.

* * *

ಹನ್ನೊಂದನೆಯವಳ ಹೆಸರು ಕಮಳಾಬಾಯಿ. ಒಂದು ಇಡೀ, ಒಂದು ಅರ್ಧ ಟಿಕೀಟು ಪಡೆದು ಬಸವಕಲ್ಯಾಣದಲ್ಲಿ ಇಳಿದ ಹೆಂಗಸನ್ನು ಬಸ್ಸಿನ ಕಂಡಕ್ಟರ್ ಅಬ್ದುಲ್ ಕರೀಂ ಮರೆತಿರಲಿಲ್ಲ. ಮಧ್ಯಾಹ್ನದೊಳಗೆ ಹುಡುಗ ಸಿಕ್ಕಿದ. ಕಮಳಾಬಾಯಿಯ ಗಂಡ ಮಚ್ಚೇಂದ್ರ ಬಣ್ಣದ ನೂಲು ಸುತ್ತುವ ಕೆಲಸದವನು. ಅವನ ಪಕ್ಕದಲ್ಲಿ ಕುಳಿತು ಶಿವರಾಜ ನೂಲಿನ ಉಂಡೆಗಳನ್ನು ಜೋಡಿಸುತ್ತಿದ್ದ. ಎದುರಿಗೆ ಆ ಮನೆಯ ಮಗಳು ದ್ರೌಪತಿ. ಅವಳಿಗೂ ಎಂಟು ವರ್ಷ.

ಕಮಳಾಬಾಯಿ ಓಡಲಿಲ್ಲ. ತಾನು ಕದ್ದಿಲ್ಲ, ಹುಡುಗನನ್ನು ಅವನ ಅಪ್ಪನಿಗೆ ತೋರಿಸಲು ಕರೆತಂದಿದ್ದೇನೆ ಎಂದಳು.

ಠಾಣೆಯಲ್ಲಿ ಅವಳ ಹೇಳಿಕೆ ಚಿಕ್ಕದಾಗಿತ್ತು. ಎಂಟು ವರ್ಷದ ಹಿಂದೆ ಅವಳು ಹುಮನಾಬಾದಿನ ಒಂದು ಖಾಸಗಿ ಹೆರಿಗೆ ಮನೆಯಲ್ಲಿ ಕಸ ಗುಡಿಸುತ್ತಿದ್ದಳು. ಹೆತ್ತದ್ದೂ ಅಲ್ಲೇ. ಆಯಾ ಮುನ್ನಿ ಬೀ ಮಗುವನ್ನೆತ್ತಿ "ಗಂಡು" ಎಂದದ್ದು ಅವಳಿಗೆ ಕೇಳಿಸಿತ್ತು. ಆಮೇಲೆ ಎಚ್ಚರ ತಪ್ಪಿತು. ಕಣ್ಣು ತೆರೆದಾಗ ಮಗ್ಗುಲಲ್ಲಿ ಹೆಣ್ಣಿತ್ತು. ಭ್ರಮೆ ಎಂದರು. ಈಗ ಸಂಗಪ್ಪನ ಹೊಲದಲ್ಲಿ ಗಂಡನ ಮುಖವನ್ನೇ ಹೊತ್ತ ಹುಡುಗನನ್ನು ಕಂಡಳು. ಅವನು ಹುಟ್ಟಿದ ಹೆರಿಗೆ ಮನೆ, ಹುಟ್ಟಿದ ದಿನ ಕೇಳಿ ತಿಳಿದಳು. ಎರಡೂ ತನ್ನ ಹೆರಿಗೆಯವೇ.

"ಹಾಗಾದರೆ ದ್ರೌಪತಿ ಯಾರ ಮಗಳು?"

"ನನ್ನಾಕಿ," ಎಂದಳು. "ಅಕೀನ ಮಾತ ಯಾರ ಎತ್ಯಾರ ಇಲ್ಲಿ?"

ಹೊರಗೆ ಜನ ಕೂಗುತ್ತಿದ್ದರು. ಮಕ್ಕಳ ಕಳ್ಳಿಗೆ ಎಷ್ಟು ವರ್ಷ ಶಿಕ್ಷೆಯೆಂಬ ಲೆಕ್ಕ ಆಗಲೇ ಶುರುವಾಗಿತ್ತು.

* * *

ಮಚ್ಚೇಂದ್ರನನ್ನು ಮಹಾರುದ್ರಪ್ಪ ಒಂದೇ ಪ್ರಶ್ನೆ ಕೇಳಿದರು. ನೂಲಿನ ಕೆಲಸದಲ್ಲಿ ಮಗಳು ಹೇಗೆ?

ಕೆಂಪು ಹಸಿರು ಕಲೆಸುತ್ತಾಳೆ ಎಂದ ಅವನು. ಬೈದದ್ದಾಯಿತು, ಹೊಡೆದದ್ದೂ ಆಯಿತು. ಕೊನೆಗೆ ಆ ಕೆಲಸದಿಂದ ಬಿಡಿಸಿದ.

ಎರಡೂ ಮನೆಯವರನ್ನು ಬೀದರಿನ ಕಣ್ಣಿನ ವೈದ್ಯರ ಬಳಿಗೆ ಕಳಿಸಲಾಯಿತು. ಅವರು ಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಮೂರನೆಯ ದಿನ ಕಾಗದ ಬಂತು. ಸಂಗಪ್ಪ, ಗಯಾಬಾಯಿ, ಅವರ ನಾಲ್ಕು ಹೆಣ್ಣುಮಕ್ಕಳು, ದ್ರೌಪತಿ: ಏಳು ಜನಕ್ಕೆ ಒಂದೇ ದೋಷ. ಮಚ್ಚೇಂದ್ರ, ಕಮಳಾಬಾಯಿ, ಶಿವರಾಜ: ದೋಷವಿಲ್ಲ.

ದ್ರೌಪತಿ ಬೇರೆ ಯಾರದೋ ಮಗಳಿರಬಹುದೆಂದು ಕಮಳಾಬಾಯಿಯ ನಡತೆಯ ಬಗ್ಗೆ ಹವಾಲ್ದಾರ್ ತುಳಜಾರಾಮ ಒಂದು ಮಾತು ತೆಗೆದ. ಮಹಾರುದ್ರಪ್ಪ ಅವನನ್ನು ಅರ್ಧಕ್ಕೇ ತಡೆದರು.

"ಮೊದಲು ಹುಡುಗನ ಲೆಕ್ಕ. ತಂದೆ ಯಾರೆಂಬುದನ್ನು ಜನ ಅನುಮಾನಿಸಬಹುದು. ಹುಡುಗನ ಲೆಕ್ಕಕ್ಕೆ ತಂದೆಯೇ ಬೇಕಿಲ್ಲ."

* * *

ನಾಲ್ಕನೆಯ ದಿನ ಎಲ್ಲರನ್ನೂ ಕರೆಸಿದರು. ಮುದುಕಿ ಮುನ್ನಿ ಬೀಯೂ ಬಂದಳು. ಊರವರ ಅನುಮಾನವೆಲ್ಲ ಈಗ ಅವಳ ಮೇಲಿತ್ತು.

ಮಹಾರುದ್ರಪ್ಪ ನಿಂತೇ ಮಾತನಾಡಿದರು. ಮನುಷ್ಯನ ಜೀವಕೋಶದಲ್ಲಿ ನಲವತ್ತಾರು ವರ್ಣತಂತುಗಳು, ಅಂದರೆ ಇಪ್ಪತ್ತಮೂರು ಜೋಡಿ. ಅಂಡಾಣುವಿಗೂ ವೀರ್ಯಾಣುವಿಗೂ ಬರುವುದು ಅರ್ಧ, ಇಪ್ಪತ್ತಮೂರು. ಎರಡು ಅರ್ಧ ಕೂಡಿದರೆ ಮಗು. ಕೊನೆಯ ಜೋಡಿ ಹೆಣ್ಣಿನಲ್ಲಿ ಎಕ್ಸ್, ಎಕ್ಸ್. ಗಂಡಿನಲ್ಲಿ ಎಕ್ಸ್, ವೈ. ಕೆಂಪು ಹಸಿರು ತಿಳಿಯದ ಈ ದೋಷ ಕೂರುವುದು ಎಕ್ಸ್‌ನಲ್ಲಿ.

"ಗಂಡುಮಗುವಿಗೆ ಎಕ್ಸ್ ಒಂದೇ. ಅದು ತಾಯಿಯದು. ದೋಷವಿರುವ ಹೆಣ್ಣಿನ ಎರಡು ಎಕ್ಸ್‌ಗಳೂ ಕೆಟ್ಟಿರುತ್ತವೆ. ಸೋದರಮಾವನಿಗೇ ಹೆಣ್ಣು ಕೊಟ್ಟು ಕೊಟ್ಟು ಗಯಾಬಾಯಿಗೆ ಎರಡೂ ಮನೆಯೊಳಗಿಂದಲೇ ಬಂದಿವೆ. ಆಕೆ ಹೆತ್ತ ಗಂಡು ಕೆಂಪು ಮೆಣಸಿನಕಾಯಿ ಆರಿಸಲಾರ. ಶಿವರಾಜ ಆರಿಸುತ್ತಾನೆ."

ಅವರು ಮುಂದುವರಿಸಿದರು. ಸಂಗಪ್ಪ, ಗಯಾಬಾಯಿ ಇಬ್ಬರಿಗೂ ದೋಷವಿರುವುದರಿಂದ ಅವರ ಮಗಳಿಗೂ ಅದು ತಪ್ಪದು. ದಾಖಲೆಯಂತೆ ಆ ದಿನ ಆ ಹೆರಿಗೆ ಮನೆಯಲ್ಲಿ ಹುಟ್ಟಿದ ಮಕ್ಕಳು ಎರಡೇ. ದ್ರೌಪತಿಗೆ ದೋಷವಿದೆ.

ಅದಲು ಬದಲು ಮಾಡಿದವರು ಯಾರು? ಗಂಡಸರು ಒಳಗೆ ಹೋಗುವಂತಿರಲಿಲ್ಲ. ಹೆತ್ತವರಿಬ್ಬರಿಗೂ ಎಚ್ಚರವಿರಲಿಲ್ಲ. "ಗಂಡು" ಎಂದು ಕೂಗಿ ಹೇಳಿದವಳು ಮುನ್ನಿ ಬೀ. ಮುಚ್ಚಿಡುವ ಉದ್ದೇಶದವಳು ಕೂಗುವುದಿಲ್ಲ. ಮಕ್ಕಳಿಬ್ಬರನ್ನೂ ಮಲಗಿಸಿ ಅವಳು ಡಾಕ್ಟರನ್ನು ಕರೆಯಲು ಹೋದಳು. ಕೋಣೆಯಲ್ಲಿ ಉಳಿದವರು ಒಬ್ಬರು, ಗಯಾಬಾಯಿಯ ಜೊತೆಗೆ ಬಂದಿದ್ದ ಹೆಂಗಸು.

ಎಲ್ಲರ ಕಣ್ಣು ಯಶೋದಾಬಾಯಿಯತ್ತ ತಿರುಗಿತು. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

"ನಾಕು ಹೆಣ್ಣಾಗಿದ್ವು," ಎಂದಳು. "ಐದನೇದೂ ಹೆಣ್ಣಾದ್ರ ಎರಡನೇಕಿನ ತರ್ತೀನಂತ ಇಂವ ಹೆಣ್ಣ ನೋಡಿಟ್ಟಿದ್ದ. ಗಯಾ ನನ್ನ ಮಗಳ ಮಗಳು. ಅಕಿ ತಾಯಿ ಸತ್ತಾಳ. ಎಲ್ಲಿಗಿ ಹೋಗಬೇಕಾಗಿತ್ರಿ ಅಕಿ?"

ಗಯಾಬಾಯಿ ತಲೆ ಎತ್ತಿದಳು. ಅಜ್ಜಿಯನ್ನಲ್ಲ, ದ್ರೌಪತಿಯನ್ನು ನೋಡಿದಳು.

ಮಹಾರುದ್ರಪ್ಪ ಇನ್ನೊಂದು ಲೆಕ್ಕ ಹೇಳಿದರು. ಹೆಣ್ಣು ಕೊಡುವುದು ಯಾವಾಗಲೂ ಎಕ್ಸ್. ಗಂಡಿನ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಎಕ್ಸ್ ಮುಟ್ಟಿದರೆ ಹೆಣ್ಣು, ವೈ ಮುಟ್ಟಿದರೆ ಗಂಡು.

"ಅಂದ್ರ ಗಯಾಂದು ತಪ್ಪಿರಲಿಲ್ಲ?" ಯಶೋದಾಬಾಯಿ ಕೇಳಿದಳು.

"ಇಲ್ಲ."

"ಇಂವ ಹತ್ತ ಮಂದೀನ ತಂದಿದ್ರೂ?"

"ಪ್ರತಿ ಸಲವೂ ಅರ್ಧಕ್ಕರ್ಧ. ಗಂಡೋ ಹೆಣ್ಣೋ ಎಂಬುದು ಇವನ ಪಾಲಿನಿಂದಲೇ."

ಸಂಗಪ್ಪ ಆ ಮಾತನ್ನು ಬಿಟ್ಟು ಹುಡುಗನ ಜಾತಿಯ ಮಾತೆತ್ತಿದ. ಎಂಟು ವರ್ಷ ಆ ಹುಡುಗನೊಂದಿಗೆ ಒಂದೇ ತಾಟಿನಲ್ಲಿ ಉಂಡವನು. ಮಚ್ಚೇಂದ್ರ ಶಿವರಾಜನನ್ನು ತನ್ನ ಕಡೆಗೆ ಎಳೆದುಕೊಂಡ. ಹುಡುಗ ಕೈ ಕೊಸರಿಕೊಂಡು ಗಯಾಬಾಯಿಯ ಹಿಂದೆ ಅಡಗಿದ.

* * *

ಯಶೋದಾಬಾಯಿಯ ಹೇಳಿಕೆಗೆ ಹೆಬ್ಬೆಟ್ಟು ಬಿತ್ತು. ಜನ ಕರಗಿದರು. ಮಹಾರುದ್ರಪ್ಪ ಬಿಡುಗಡೆಯ ಕಾಗದಕ್ಕೆಂದು ಹೊಸ ಹಾಳೆ ತೆಗೆದು, ಕಮಳಾಬಾಯಿಯ ಮೇಲೆ ಕೇಸು ನಿಲ್ಲುವುದಿಲ್ಲ, ಮನೆಗೆ ಹೋಗಬಹುದು ಎಂದರು.

ಅವಳು ಏಳಲಿಲ್ಲ. ದ್ರೌಪತಿ ಅವಳ ಸೆರಗು ಹಿಡಿದಿದ್ದಳು.

"ಯಾರನ್ನ ಕರಕೊಂಡು ಹೋಗ್ಲಿರಿ?"

ಅದನ್ನು ಕೋರ್ಟು ತೀರ್ಮಾನಿಸಬೇಕು ಎಂದರು.

"ಕೋರ್ಟು ಒಂದ ಕೊಟ್ಟು ಒಂದ ತಗೋತದೇನ್ರಿ?"

ಅವರು ಪೆನ್ನಿನ ಮುಚ್ಚಳ ತೆಗೆದು ಹಾಳೆಯತ್ತ ಬಾಗಿದರು.

"ಹಂಗಿದ್ರ ಆ ಹಾಳಿ ಹರೀರಿ ಸಾಹೇಬ್ರ," ಎಂದಳು ಕಮಳಾಬಾಯಿ. "ನಾ ಕಳ್ಳಿ ಅಂತನೇ ಬರಕೋರಿ. ದ್ರೌಪತಿ ನನ್ನಾಕಿ ಆಗೇ ಇರ್ಲಿ."

ಮಹಾರುದ್ರಪ್ಪ ಹಾಳೆ ಹರಿಯಲಿಲ್ಲ. ಅದರ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ.