ಹಿಮ್ಮಡಿಯ ಗಂಟು

ವಿರೋತ್ ಮೊದಲ ಸಲ ಬಂದಾಗ ಬುವಾಲೈ ಅವನ ಮುಖ ನೋಡಲೇ ಇಲ್ಲ. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ, ನೆರಳಲ್ಲಿ ಕೂತು ಔಷಧಿಗೆಂದು ಮಜ್ಜಿಗೆಹುಲ್ಲು ಕತ್ತರಿಸುತ್ತಿದ್ದಳು. ಎದುರಿಗೆ ಎರಡು ಪಾದಗಳು ಬಂದು ನಿಂತವು. ಬೆರಳ ಸಂದಿಯಲ್ಲೆಲ್ಲ ಒಣಗಿದ ಸುಣ್ಣದ ಗಾರೆ. ಬಲ ಹಿಮ್ಮಡಿ ಮಾತ್ರ ನೆಲ ಮುಟ್ಟಲು ಹೆದರುತ್ತಿತ್ತು.

“ಕಾಲು ನೋಡೋ ಡಾಕ್ಟ್ರಮ್ಮ ನೀವೇನಾ?”

“ಡಾಕ್ಟ್ರೂ ಅಲ್ಲ, ಅಮ್ಮನೂ ಅಲ್ಲ. ಮೊದ್ಲು ತೊಳ್ಕೊಂಡು ಬನ್ನಿ. ಮಂದಿರದ ಗೋಡೆನೆಲ್ಲ ನಮ್ಮನೆಗೆ ಹೊತ್ಕೊಂಡು ಬಂದಿದೀರ.”

ಅವನು ನಕ್ಕ. ಆಗ ತಲೆಯೆತ್ತಿದಳು. ತಲೆಯೆತ್ತಿದ್ದೇ ತಪ್ಪಾಯಿತು.

ಲಂಪಾಂಗ್ ಊರಿನ ಹಳೆಯ ಬುದ್ಧಮಂದಿರಗಳಿಗೆ ಗಾರೆಯ ಹೂಬಳ್ಳಿ, ನಾಗಗಳನ್ನು ಮೂಡಿಸುವುದು ವಿರೋತನ ಕೆಲಸ. ಹನ್ನೆರಡು ವರ್ಷ ಬಿದಿರಿನ ಅಟ್ಟಣಿಗೆಯ ಮೇಲೆ ಬರಿಗಾಲಲ್ಲಿ ನಿಂತು ನಿಂತು ಅವನ ಅಂಗಾಲು ಮಣೆಯ ಹಾಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಜೀವ ಬಾಯಿಗೆ ಬರುತ್ತಿತ್ತು.

ವಾರಕ್ಕೆ ಎರಡು ದಿನ ಬರತೊಡಗಿದ. ಬಿಸಿನೀರಲ್ಲಿ ಪಾದ ನೆನೆಸಿ, ಒರೆಸಿ, ಮಡಿಲ ಮೇಲಿನ ದಿಂಬಿಗೆ ಎತ್ತಿಕೊಂಡು ಬುವಾಲೈ ಕೈಮುಗಿಯುತ್ತಿದ್ದಳು. ವಿದ್ಯೆ ಕಲಿಸಿದ ಗುರುಪರಂಪರೆಗೆ ಆ ನಮಸ್ಕಾರ. ಅದಿಲ್ಲದೆ ಅವಳು ಯಾರ ಕಾಲನ್ನೂ ಮುಟ್ಟಿದವಳಲ್ಲ. ಆಮೇಲೆ ಹೆಬ್ಬೆರಳು ಹಿಮ್ಮಡಿಯಿಂದ ಹೊರಟು, ಒತ್ತಿ, ತಡೆದು, ಬಿಟ್ಟು, ನಿಧಾನವಾಗಿ ಬೆರಳುಗಳ ಬುಡ ಸೇರುತ್ತಿತ್ತು.

“ನೀವು ಒತ್ತೋದು ಕಾಲು, ಮಂಪರು ಬರೋದು ತಲೆಗೆ. ಇದ್ಯಾವ ಲೆಕ್ಕ?”

“ಮಾತಾಡ್ಬೇಡಿ. ಮಾತಾಡಿದ್ರೆ ಕಾಲು ಬಿಗಿಯಾಗತ್ತೆ.”

“ನೀವು ಮಾತಾಡಿದ್ರೆ ಸಡಿಲ ಆಗತ್ತಲ್ಲ? ನೀವೇ ಮಾತಾಡಿ ಮತ್ತೆ.”

ಅವಳು ಮಾತಾಡಿದಳು. ಬೇಸಿಗೆ ಕಳೆದು ಮೊದಲ ಮಳೆ ಬೀಳುವಷ್ಟರಲ್ಲಿ ಅವನ ಕಾಲ್ಬೆರಳುಗಳು ಒಂದೊಂದಾಗಿ ಸಡಿಲಗೊಂಡವು. ಅವನು ಕಣ್ಣುಮುಚ್ಚಿ ಒರಗಿದಾಗ ಅವಳು ಆ ಮುಖವನ್ನು ಕದ್ದು ನೋಡುವಳು. ಅವನು ಒಂದು ಕಣ್ಣು ತೆರೆದರೆ ತಟ್ಟನೆ ಎಣ್ಣೆಯ ಬಟ್ಟಲು ಹುಡುಕುವಳು. ಬಟ್ಟಲು ಕೈಯಲ್ಲೇ ಇರುತ್ತಿತ್ತು. ಅವನೆಂದರೆ ಅವಳಿಗೆ ಪ್ರಾಣವಾಗಿಹೋಗಿತ್ತು.

ಅಂಥ ಒಂದು ಮಧ್ಯಾಹ್ನ ಅವನು ಮುಖವರಳಿಸಿಕೊಂಡು ಹೇಳಿದ: “ಮಳೆಗಾಲದ ವ್ರತಕ್ಕೆ ಮುಂಚೆ ಚೀವರ ಉಟ್ಟು ಭಿಕ್ಷು ಆಗ್ತೀನಿ. ಇನ್ನು ಒಂಬತ್ತೇ ದಿನ. ಬರಿಗಾಲಲ್ಲಿ ಭಿಕ್ಷೆಗೆ ನಡೀಲಾರದವನಿಗೆ ದೀಕ್ಷೆ ಕೊಡಲ್ಲ ಅಂದ್ರು ದೊಡ್ಡ ಗುರುಗಳು. ಕಾಲು ನಿಮ್ಮ ಕೈಲಿದೆ.”

ಅವಳ ಹೆಬ್ಬೆರಳು ನಿಂತಲ್ಲೇ ನಿಂತಿತು. ಭಿಕ್ಷುವನ್ನು ಹೆಣ್ಣು ಮುಟ್ಟುವ ಹಾಗಿಲ್ಲ, ಚೀವರದ ಅಂಚು ಕೂಡ ಸೋಕುವ ಹಾಗಿಲ್ಲ. ಒಂದು ಮಳೆಗಾಲಕ್ಕಷ್ಟೇ ಚೀವರ ಉಡುವವರೂ ಉಂಟು, ಜೀವಮಾನಕ್ಕೆ ಉಡುವವರೂ ಉಂಟು; ಎಷ್ಟು ದಿನಕ್ಕೆ ಎಂದು ಅವಳು ಕೇಳಲಿಲ್ಲ. ಪುಣ್ಯಕ್ಕೆ ಹೊರಟವನನ್ನು ಯಾವಾಗ ಬರುತ್ತೀ ಎಂದು ಕೇಳಲು ತಾನು ಯಾರು? ಮರುದಿನ ಸಂತೆಯಲ್ಲಿ ಸುದ್ದಿ ಸಿಕ್ಕಿತು: ವಿರೋತ್ ತನ್ನ ಎರಡು ಕಾಳಗದ ಹುಂಜಗಳನ್ನೂ ಗೆಳೆಯನಿಗೆ ಕೊಟ್ಟುಬಿಟ್ಟನಂತೆ. ಹುಂಜ ಬಿಟ್ಟ ಗಂಡಸು ಲೋಕ ಬಿಟ್ಟ ಹಾಗೇ ಎಂದುಕೊಂಡಳು ಬುವಾಲೈ. ಅವಳನ್ನು ಸಾಕಿ, ವಿದ್ಯೆ ಕಲಿಸಿದ ಲಮ್ಯಾಯ್ ಚಿಕ್ಕಮ್ಮ ಇದನ್ನೆಲ್ಲ ಕೇಳಿ, ಅರಿಶಿನ ಕುಟ್ಟುತ್ತಾ ಸುಮ್ಮನೆ ನಕ್ಕಳು. ಆ ನಗು ಕಂಡು ಬುವಾಲೈಗೆ ಮೈಯೆಲ್ಲ ಉರಿದುಹೋಯಿತು.

ಈಗ ಉಳಿದಿದ್ದದ್ದು ಒಂದೇ ಗಂಟು, ಬಲ ಹಿಮ್ಮಡಿಯ ಒಳಮಗ್ಗುಲಲ್ಲಿ, ಹುಣಸೆಬೀಜದಷ್ಟು. ಅದು ಉಳಿದರೆ ಅವನು ಕುಂಟುತ್ತಾನೆ. ಕುಂಟಿದರೆ ದೀಕ್ಷೆ ಮುಂದಿನ ಮಳೆಗಾಲಕ್ಕೆ. ಅಲ್ಲಿಯವರೆಗೆ ವಾರಕ್ಕೆರಡು ಮಧ್ಯಾಹ್ನ ಅವಳವೇ.

ಅವನು ಮತ್ತೆ ಬಂದ ದಿನ ಅವಳ ಹೆಬ್ಬೆರಳು ಆ ಗಂಟಿನವರೆಗೂ ಹೋಗಿ ಪಕ್ಕಕ್ಕೆ ಸರಿಯಿತು.

ಎರಡು ದಿನ ಬಿಟ್ಟು ಅವನು ಕುಂಟುತ್ತಾ ಬಂದ. “ಏನೂ ಅಂದ್ಕೋಬೇಡಿ. ನನ್ನ ಕಾಲೇ ಹಟಮಾರಿ, ನಿಮ್ಮ ಕೈದೇನೂ ತಪ್ಪಿಲ್ಲ.”

ಪಾದವನ್ನು ದಿಂಬಿಗೆತ್ತಿ ಕೈಮುಗಿಯಲು ಹೋದಳು. ಅಂಗೈಗಳು ಒಂದಾಗಲಿಲ್ಲ. ಯಾವ ಮುಖ ಹೊತ್ತು ಗುರುಗಳನ್ನು ನೆನೆಯಲಿ? ನೋವು ಕಳೆಯಲು ಕಲಿತ ಕೈಯಿಂದ ನೋವನ್ನು ಉಳಿಸಿಕೊಟ್ಟಿದ್ದಳು, ಅದೂ ಇವನಿಗೆ. ಕೊನೆಗೆ ಕೈಮುಗಿದು, ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು, ಗಂಟಿನ ಮೇಲೆ ಹೆಬ್ಬೆರಳಿಟ್ಟಳು. ಅವತ್ತೂ ಒತ್ತಿದಳು, ಮರುದಿನವೂ ಕರೆಸಿದಳು, ಅದರ ಮರುದಿನವೂ. ಗಿಡಮೂಲಿಕೆ ಕಟ್ಟಿದ ಬಿಸಿ ಬಟ್ಟೆಯ ಶಾಖ ಕೊಟ್ಟು, ಒತ್ತಿ, ತಿಕ್ಕಿ, ಒಂದು ಚೂರೂ ಉಳಿಸದೆ ಕರಗಿಸಿದಳು. ತನ್ನ ಕೈಯಾರೆ ಅವನನ್ನು ಕಳಿಸಿಕೊಡುತ್ತಿದ್ದೇನೆ ಎಂದು ಗೊತ್ತಿದ್ದೇ ಕರಗಿಸಿದಳು.

ದೀಕ್ಷೆಯ ಹಿಂದಿನ ದಿನ ಅವನು ಅಂಗಳದ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ಅತ್ತಿಂದಿತ್ತ ನಡೆದ. “ನೋವೇ ಇಲ್ಲ ಕಣ್ರೀ!”

“ಒಳ್ಳೇದಾಯ್ತು. ಹೋಗಿ. ಜೀವಮಾನವಿಡೀ ನಡೀರಿ.” ಅವಳು ದಿಂಬು ಕೊಡವಿ ಎತ್ತಿಟ್ಟಳು.

“ಜೀವಮಾನಾನಾ? ಮೂರು ತಿಂಗಳು! ವ್ರತ ಮುಗಿದ ಮಾರನೇ ದಿನ ಇಲ್ಲಿರ್ತೀನಿ.” ಅವನು ಗಾಬರಿಯಿಂದ ಅಟ್ಟದ ಕಡೆ ನೋಡಿದ. “ಚಿಕ್ಕಮ್ಮ ಹೇಳ್ಲಿಲ್ವಾ ನಿಮಗೆ?”

“ನಾನ್ಯಾಕೆ ಹೇಳ್ಲಿ?” ಮೇಲಿಂದ ಲಮ್ಯಾಯ್ ಬಗ್ಗಿ ನೋಡಿದಳು. “ಹುಡುಗಿ ಕೊಡ್ತೀರಾ ಅಂತ ಬಂದ. ಚೀವರ ಉಡದ ಗಂಡಸು ಇನ್ನೂ ಹಸಿಕಾಯಿ, ಹಣ್ಣಾಗಿ ಬಾ ಅಂದೆ. ನಮ್ಮೂರಲ್ಲಿ ಹೆಣ್ಣಿನ ಅಮ್ಮಂದ್ರು ಎಲ್ರೂ ಹೇಳೋದನ್ನೇ ಹೇಳಿದೆ. ಹುಡುಗಿಗೆ ಹೇಳೋಕೆ ಅವನಿಗೇ ಬಾಯಿಲ್ವಾ?”

“ದೊಡ್ಡೋರು ಹೇಳ್ತಾರೆ ಅಂತ...” ಎಂದು ವಿರೋತ್ ತಡವರಿಸಿದ.

“ಮತ್ತೆ ಹುಂಜ?” ಎಂದಳು ಬುವಾಲೈ.

“ಮೂರು ತಿಂಗಳು ಅವಕ್ಕೆ ಕಾಳು ಹಾಕೋರು ಯಾರು?”

ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. “ಆವತ್ತು ಆ ಗಂಟನ್ನ ಬೇಕಂತಲೇ ಬಿಟ್ಟಿದ್ದೆ. ನೀವು ಹೋಗಬಾರದು ಅಂತ.”

“ಗೊತ್ತು.”

“ಗೊತ್ತಾ?”

“ನಾಲ್ಕು ತಿಂಗಳಿಂದ ನಿಮ್ಮ ಹೆಬ್ಬೆರಳಿಗೆ ಕಾಯ್ತಾ ಇರೋ ಕಾಲು ಇದು. ಅಲ್ಲಿವರೆಗೂ ಬಂದು ತಿರುಗಿದ್ದು ಗೊತ್ತಾಗಲ್ವಾ? ಮನೆವರೆಗೂ ಕುಂಟಿದೆ. ಅಷ್ಟು ಖುಷಿಯಾಗಿ ಯಾವತ್ತೂ ಕುಂಟಿರಲಿಲ್ಲ.”

ಅವಳು ಅವನ ಕೈಹಿಡಿದಳು. ಇಷ್ಟು ದಿನ ಪಾದವನ್ನಷ್ಟೇ ಹಿಡಿದಿದ್ದಳು. ಚಿಕ್ಕಮ್ಮ ಮೇಲಿಂದ ಸರಿದುಹೋದಳು.

ದೀಕ್ಷೆಯ ಮರುದಿನ, ಮುಂಜಾವಿನ ತುಂತುರಿನಲ್ಲಿ, ಬುವಾಲೈ ಬಿಸಿ ಅಂಟಕ್ಕಿಯ ಅನ್ನ ಹಿಡಿದು ದಾರಿಬದಿ ಮೊಣಕಾಲೂರಿದಳು. ಭಿಕ್ಷುಗಳು ಸಾಲಾಗಿ ಬಂದರು. ಮೂರನೆಯವನು ಅವನು. ತಲೆ, ಹುಬ್ಬು ಎಲ್ಲ ಬೋಳು. ಕಣ್ಣು ಪಾತ್ರೆಯ ಮೇಲೆ. ಭಿಕ್ಷು ಹೆಣ್ಣಿನ ಮುಖ ನೋಡಬಾರದು, ಅವನು ನೋಡಲಿಲ್ಲ. ಅವಳು ಎಲ್ಲೂ ಸೋಕದಂತೆ ಅನ್ನ ಹಾಕಿ, ಕೈಮುಗಿದು ತಲೆ ಬಾಗಿದಳು.

ಎದುರಿಗೆ ಒದ್ದೆ ಜಲ್ಲಿಯ ಮೇಲೆ ಅವೇ ಎರಡು ಪಾದಗಳು. ಸಾಲು ಮುಂದೆ ಸರಿಯಿತು. ಅವನು ಅರೆಕ್ಷಣ ತಡೆದ. ಬಲ ಹಿಮ್ಮಡಿಯನ್ನು, ಮೈಭಾರವನ್ನೆಲ್ಲ ಹಾಕಿ, ಅವಳಿಗೆ ಕಾಣುವ ಹಾಗೆ ಕಲ್ಲಿನ ಮೇಲೆ ಗಟ್ಟಿಯಾಗಿ ಊರಿ, ಆಮೇಲೆ ಹೆಜ್ಜೆ ತೆಗೆದ.

ಬುವಾಲೈ ಮುಗಿದ ಕೈಗಳ ಹಿಂದೆ ಮುಖ ಮುಚ್ಚಿಕೊಂಡು, ಆ ಸಾಲು ತಿರುವಿನಲ್ಲಿ ಮರೆಯಾಗುವವರೆಗೂ ನಗುತ್ತಾ ಅಳುತ್ತಾ ಕೂತಿದ್ದಳು.