ಮೂವತ್ತೇಳನೇ ಪಂಪು

"ನೀರು ಬರುತ್ತೆ ಅಂತ ಬರಿಯೋ, ಲಿಂಬಾನಿ!"

ಕಬ್ಬಿಣದ ಸಲಾಕೆ ನನ್ನ ಕುತ್ತಿಗೆಯನ್ನು ಒತ್ತುತ್ತಿತ್ತು. ಅದನ್ನು ಹಿಡಿದಿದ್ದವನು ಕಚಾಲೆ... ಎರಡು ವರ್ಷದ ಹಿಂದೆ ಅರವತ್ತು ಹಳ್ಳಿಗಳಿಗೆ ಕೈಪಂಪು ಹಾಕಿಸಿದ ಕಂಟ್ರಾಕ್ಟರ್.

ಪಂಪು ವಿದೇಶಿ ನೆರವಿನದು. ಅದರಿಂದ ನಮ್ಮ ಮಲಾವಿಯ ಜನಕ್ಕೆ ಏನು ಉಪಕಾರವಾಯಿತು ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಅಂದು ಮೂವತ್ತೇಳನೇ ಪಂಪಿನ ಸರದಿ.

"ಎಲ್ಲಿಂದ ಬರುತ್ತೋ? ಮುಚ್ಚಳ ಬಿಚ್ಚಿ ನೋಡ್ದೆ. ಒಳಗೆ ಪೈಪೇ ಇಲ್ಲ! ಬೋರೇ ಕೊರೆಸಿಲ್ಲ! ಗೋರಿ ಮೇಲೆ ಶಿಲುಬೆ ನೆಟ್ಟಂಗೆ ನೆಟ್ಟಿದೀಯ!"

ಸಲಾಕೆ ಮೇಲೆದ್ದಿತು. ನನ್ನ ಮೊಣಕಾಲು ಅದಕ್ಕಿಂತ ಬೇಗ ಎದ್ದಿತು!

ಕಚಾಲೆ ಹೊಟ್ಟೆ ಹಿಡಿದು ಕುಸಿದ. ನಾನು ಬೈಕ್ ಹತ್ತಿದೆ.

ಹಿಂದೆಯೇ ಅವನ ಪಿಕಪ್ಪು ಗುಡುಗಿತು. ಮೆಕ್ಕೆಜೋಳದ ಹೊಲ... ತಂಬಾಕು ಒಣಗಿಸುವ ಚಪ್ಪರ... ಕೋಳಿಗಳು ದಿಕ್ಕಾಪಾಲು! ಹೊಳೆಗೆ ಎರಡೇ ಮರದ ದಿಮ್ಮಿ ಹಾಸಿದ್ದರು. ಬೈಕು ದಾಟಿತು.

ಪಿಕಪ್ಪು ದಾಟಲಿಲ್ಲ.

ತಿರುಗಿ ನೋಡಿದೆ. ಕಚಾಲೆ ಸೊಂಟದುದ್ದ ನೀರಿನಲ್ಲಿ ನಿಂತು ಬೈಯುತ್ತಿದ್ದ. ಅವನ ಯೋಜನೆಗೆ ನೀರು ಸಿಕ್ಕಿದ್ದು ಅದೇ ಮೊದಲು!

ಸರೋವರದ ದಡದ ಹೋಟೆಲಿನಲ್ಲಿ ನನ್ನ ಮೇಲಧಿಕಾರಿ ಹೆನ್ರಿಕ್ ಹುರಿದ ಮೀನು ತಿನ್ನುತ್ತಿದ್ದ. ನೆರವು ಕೊಟ್ಟ ದೇಶದವನು. ಎಲ್ಲ ಹೇಳಿದೆ.

"ಪಂಪು ಇದೆ ತಾನೇ?" ಮುಳ್ಳು ಬಿಡಿಸುತ್ತ ಕೇಳಿದ.

"ನೀರಿಲ್ಲ ಸಾರ್!"

"ಫಾರಂನಲ್ಲಿ ಕೇಳಿರೋದು ಪಂಪು ಹಾಕಿದ್ದಾರಾ ಅಂತ. ಹಾಕಿದ್ದಾರೆ. ಯೋಜನೆ ಯಶಸ್ವಿ."

"ಆ ಹಳ್ಳೀಲಿ ಹೊಂಡದ ನೀರು ಕುಡಿದು ಹೋದ ವಾರ ನಾಲ್ಕು ಜನ ಸತ್ರು. ಕಾಲರಾ."

"ಅದು ಆರೋಗ್ಯ ವಿಭಾಗಕ್ಕೆ ಬರುತ್ತೆ. ನಮಗಲ್ಲ. ಮೀನು ತಿಂತೀಯಾ?"

ನನ್ನ ಒಂದು ಕೈ ಅವನ ಜೀಪಿನ ಕೀಲಿ ಎತ್ತಿಕೊಂಡಿತು. ಇನ್ನೊಂದು ಅವನ ಕೊರಳಪಟ್ಟಿ ಹಿಡಿಯಿತು!

ದೊಡ್ಡ ಸೇತುವೆ ಬಳಸಿ ಅವನನ್ನು ಹಳ್ಳಿಗೆ ತಂದು ಇಳಿಸಿದೆ. ಹೆಂಗಸರು ಖಾಲಿ ಬಕೆಟ್ ಹಿಡಿದೇ ಸುತ್ತ ನೆರೆದರು. ಸೊಸೆಯನ್ನು ಮಣ್ಣುಮಾಡಿ ಇನ್ನೂ ಐದು ದಿನವಾಗದ ನಾಬಂಡಾ ಅಜ್ಜಿ ಒಂದು ಲೋಟ ಕಂದು ನೀರು ಚಾಚಿದಳು.

"ದಣಿದು ಬಂದಿದೀರಿ ದೊರೆ. ಕುಡೀರಿ. ನನ್ನ ಸೊಸೆ ಕುಡಿದಿದ್ದೂ ಇದನ್ನೇ."

ಹೆನ್ರಿಕ್ ಹಿಂದೆ ಸರಿದ. ಹಿಂದೆಯೂ ಹೆಂಗಸರೇ ಇದ್ದರು!

"ಬೇಡ್ವಾ? ಹಂಗಾದ್ರೆ ನಿಮ್ಮ ಪಂಪಿನದೇ ಕುಡೀರಿ. ಹೊಡೀರಿ!"

ಹೊಡೆದ. ಕಿರ್ರ್... ಕಿರ್ರ್... ಅಂಗಿ ಬೆನ್ನಿಗಂಟಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ನಾನು ಜೀಪಿನ ನೆರಳಿನಲ್ಲಿ ಕೂತು ಪೆನ್ನು ತೆಗೆದೆ.

"ಬರ್ಕೋ ಲಿಂಬಾನಿ! ನೀರಿಲ್ಲ! ಒಂದು ತೊಟ್ಟೂ ಇಲ್ಲ!"

ಬರೆದುಕೊಂಡೆ. ಆ ಯೋಜನೆಯ ಕಾಗದಗಳಲ್ಲಿ ಅದೇ ಮೊದಲ ನಿಜ.

"ಈಗ ನಿಲ್ಲಿಸ್ಲಾ?"

"ಇನ್ನೊಂದೈದು ನಿಮಿಷ ಹೊಡೀರಿ ಸಾರ್... ಇವರು ಎರಡು ವರ್ಷ ಹೊಡೆದಿದ್ದಾರೆ!"